ಚೀಟಿಯೊಳಗಿನ ಫಂಕ್ಷನ್ ಕರೆದರೆ ಓಗೊಡುವುದಿಲ್ಲ ಏಕೆ?

ಓದುಗರ ಪ್ರಶ್ನೆ:

"ನಾನು ದಾವಣಗೆರೆಯವನು. ಬಿಸಿಎ ಮುಗಿಸಿ ಎರಡು ವರ್ಷ ಆಯಿತು. ಎಪಿಎಂಸಿ ಹತ್ತಿರದ ಒಬ್ಬ ವರ್ತಕರಿಗೆ ಖರೀದಿ ಚೀಟಿ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದೇನೆ, ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿಯಲ್ಲಿ. ಮೆಕ್ಕೆಜೋಳ, ಭತ್ತ, ಶೇಂಗಾ ಮೂರಕ್ಕೂ ಕಡಿತದ ಲೆಕ್ಕ ಬೇರೆ ಬೇರೆ. ಅದಕ್ಕೆ ಕನ್‌ಸ್ಟ್ರಕ್ಟರ್‌ನಲ್ಲಿ (ಹೊಸ ಚೀಟಿ ಹುಟ್ಟುವಾಗ ಓಡುವ ಕೋಡ್) ಒಂದು ಹೆಸರಿಲ್ಲದ ಫಂಕ್ಷನ್ ಮಾಡಿ, 'ಕಡಿತ' ಅನ್ನುವ ಪ್ರಾಪರ್ಟಿಯಲ್ಲಿ ಇಟ್ಟೆ. ಆಮೇಲೆ ಮಾಮೂಲಿ ಮೆಥಡ್ ಕರೆದ ಹಾಗೆ ಬಾಣದ ಗುರುತು ಹಾಕಿ ಕರೆದರೆ 'ಕಾಲ್ ಟು ಅನ್‌ಡಿಫೈನ್ಡ್ ಮೆಥಡ್' ಎಂದು ಬೈಯುತ್ತದೆ. ಪ್ರಿಂಟ್ ಮಾಡಿ ನೋಡಿದರೆ ಫಂಕ್ಷನ್ ಅಲ್ಲೇ ಇದೆ! ಜಾವಾಸ್ಕ್ರಿಪ್ಟ್‌ನಲ್ಲಿ ಇದೇ ಕೆಲಸ ಸಲೀಸಾಗಿ ಆಗುತ್ತದೆ. ಇದು ಪಿಎಚ್‌ಪಿಯ ಬಗ್ ಅಲ್ವಾ?

ನನ್ನ ಸೀನಿಯರ್ ಒಬ್ಬರು 'ಪಿಎಚ್‌ಪಿಯಲ್ಲಿ ಹಾಗೆ ಕರೆಯೋಕೆ ಆಗಲ್ಲ, ಮ್ಯಾಜಿಕ್ ಕಾಲ್ ಮೆಥಡ್ ಹಾಕು' ಅಂದರು. ಇನ್ನೊಬ್ಬ ಗೆಳೆಯ ಕಾಲ್ ಯೂಸರ್ ಫಂಕ್ ಬಳಸು ಅಂದ. ಮತ್ತೊಬ್ಬ ಅದನ್ನು ತೆಗೆದುಹಾಕಿದ್ದಾರೆ, ನಿಧಾನ ಬೇರೆ ಅಂದ. ಬ್ರಾಕೆಟ್ ಹಾಕಿ ಕರೆದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ (ಪಿಎಚ್‌ಪಿ 8.3) ಓಡುತ್ತದೆ, ಅಂಗಡಿಯ ಕಂಪ್ಯೂಟರ್‌ನಲ್ಲಿ (5.6) ಪಾರ್ಸ್ ಎರರ್. ಮುಂದೆ ಬೆಳೆಗಳು ಜಾಸ್ತಿಯಾದರೆ ಫಂಕ್ಷನ್ ಹೆಸರನ್ನು ಡೇಟಾಬೇಸ್‌ನಲ್ಲೇ ಇಡೋಣ ಅಂತಲೂ ಇದ್ದೇನೆ. ಯಾವ ದಾರಿ ಸರಿ?

ಇನ್ನೊಂದು ಸಣ್ಣ ವಿಷಯ, ಇದಕ್ಕೆ ಸಂಬಂಧ ಇರಲಿಕ್ಕಿಲ್ಲ. 'ಹಿಂದಿನ ಚೀಟಿಯಂತೆ' ಅನ್ನುವ ಬಟನ್ ಒತ್ತಿದರೆ ಹಳೆ ಚೀಟಿಯನ್ನು ಕ್ಲೋನ್ (ನಕಲು) ಮಾಡಿ ಹೆಸರು, ತೂಕ, ತೇವ ಬದಲಿಸುತ್ತೇನೆ. ಅಂಥ ಚೀಟಿಗಳಲ್ಲಿ ಕೆಲವೊಮ್ಮೆ ಕಡಿತ ತಪ್ಪು ಬರುತ್ತಿದೆ. ಯಾಕೋ ಗೊತ್ತಾಗುತ್ತಿಲ್ಲ."

ಉತ್ತರ:

ನಿಮ್ಮ ಪತ್ರವನ್ನು ಓದುತ್ತಾ ಬಂದವನು ಕೊನೆಯ ನಾಲ್ಕು ಸಾಲಿಗೆ ಬಂದಾಗ ಚಹಾ ಲೋಟ ಕೆಳಗಿಟ್ಟೆ. 'ಸಂಬಂಧ ಇರಲಿಕ್ಕಿಲ್ಲ' ಅಂತ ಬರೆದಿದ್ದೀರಲ್ಲ, ಸಂಬಂಧ ಇದೆ. ಎರರ್ ಬರುವ ತಪ್ಪು ನಿಮ್ಮ ಅರ್ಧ ದಿನ ತಿನ್ನುತ್ತದೆ, ಅಷ್ಟೇ. ಎರರ್ ಬರದೆ ತಪ್ಪು ಲೆಕ್ಕ ಕೊಡುವುದು ಯಾರದೋ ಜೇಬಿಗೆ ಕೈ ಹಾಕುತ್ತದೆ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಬ್ರಾಕೆಟ್ ವಿಷಯ ಮುಗಿಸೋಣ, ಯಾಕೆಂದರೆ ಒಂದು ಅರ್ಥವಾಗದೆ ಇನ್ನೊಂದು ಅರ್ಥವಾಗುವುದಿಲ್ಲ.

ಕೆಳಗಿನ ಕೋಡ್ ಸಾಲುಗಳಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ತಮಾಷೆಗಲ್ಲ, ಪಿಎಚ್‌ಪಿ ಇದನ್ನು ನಿಜಕ್ಕೂ ಒಪ್ಪುತ್ತದೆ. ವೇರಿಯಬಲ್, ಪ್ರಾಪರ್ಟಿ, ಮೆಥಡ್, ಕ್ಲಾಸ್ ಎಲ್ಲದಕ್ಕೂ ಕನ್ನಡ ಹೆಸರಿಡಬಹುದು, ಫೈಲ್ ಯುಟಿಎಫ್-8ರಲ್ಲಿದ್ದರೆ ಸಾಕು. ಭಾಷೆಯ ಸ್ವಂತ ಪದಗಳು ಮಾತ್ರ ಇಂಗ್ಲಿಷ್‌ನಲ್ಲೇ ಇರಬೇಕು, ಅವನ್ನು ಇಲ್ಲಿ ಉಚ್ಚಾರಣೆಯಲ್ಲಿ ಹೇಳುತ್ತೇನೆ. ಒಂದು ಎಚ್ಚರಿಕೆ: 'ಬಿಲ್' ತರಹ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ, ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿಕೊಳ್ಳಬಹುದು. ನಮಗೆ ಎರಡೂ ಒಂದೇ ಕಾಣುತ್ತವೆ, ಪಿಎಚ್‌ಪಿಗೆ ಅವು ಎರಡು ಬೇರೆ ಹೆಸರು. ಗಿರಾಕಿಯ ಕೋಡ್‌ನಲ್ಲಿ ನಾನಂತೂ ಇಂಗ್ಲಿಷ್ ಹೆಸರೇ ಇಡುತ್ತೇನೆ.

ನಿಮಗೆ ಎರರ್ ಕೊಟ್ಟ ಸಾಲು ಇದು (40 ಅಂದರೆ ತೂಕ, ಕ್ವಿಂಟಲ್ ಲೆಕ್ಕದಲ್ಲಿ):

$ಚೀಟಿ->ಕಡಿತ(40);

ಓಡುವ ಸಾಲು ಇದು:

($ಚೀಟಿ->ಕಡಿತ)(40);

ಇದು ಬಗ್ ಅಲ್ಲ. ಕ್ಲಾಸ್ ಅಂದರೆ ಚೀಟಿಯ ಅಚ್ಚು, ಪ್ರಾಪರ್ಟಿ ಅಂದರೆ ಚೀಟಿ ಇಟ್ಟುಕೊಳ್ಳುವ ಮಾಹಿತಿ, ಮೆಥಡ್ ಅಂದರೆ ಚೀಟಿಗೆ ಗೊತ್ತಿರುವ ಕೆಲಸ. ಪಿಎಚ್‌ಪಿಯಲ್ಲಿ ಮೆಥಡ್‌ಗಳ ಹೆಸರು ಬೇರೆ ಕಡೆ, ಪ್ರಾಪರ್ಟಿಗಳ ಹೆಸರು ಬೇರೆ ಕಡೆ ಇರುತ್ತವೆ. ಒಂದೇ ಕ್ಲಾಸ್‌ನಲ್ಲಿ 'ಕಡಿತ' ಅಂತ ಒಂದು ಮೆಥಡ್, 'ಕಡಿತ' ಅಂತಲೇ ಒಂದು ಪ್ರಾಪರ್ಟಿ ಎರಡೂ ಇರಬಹುದು. ಹಾಗಾದರೆ ನೀವು 'ಕಡಿತ' ಅಂದಾಗ ಯಾವುದು? ಪಿಎಚ್‌ಪಿ ಅದನ್ನು ತೀರ್ಮಾನಿಸುವುದು ಹೆಸರಿನ ಪಕ್ಕ ಬ್ರಾಕೆಟ್ ಇದೆಯೋ ಇಲ್ಲವೋ ನೋಡಿ. ಇದ್ದರೆ ಮೆಥಡ್‌ಗಳ ಕಡೆ ಮಾತ್ರ ಹುಡುಕುತ್ತದೆ. ಇಲ್ಲದಿದ್ದರೆ ಪ್ರಾಪರ್ಟಿಗಳ ಕಡೆ.

ಮಂಡಿಯ ಲೆಕ್ಕದಲ್ಲೇ ಹೇಳುತ್ತೇನೆ. ಸಾಹುಕಾರ ಕುಳಿತಲ್ಲಿಂದಲೇ 'ಕಡಿತ!' ಅಂತ ಕೂಗಿದ ಅಂದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಆಳು ಇದ್ದರೆ ಬರುತ್ತಾನೆ. ಇಲ್ಲದಿದ್ದರೆ 'ಆ ಹೆಸರಿನವರು ಯಾರೂ ಇಲ್ಲ' ಎಂಬ ಉತ್ತರ ಬರುತ್ತದೆ. ಕಡಿತ ಹೇಗೆ ಮಾಡಬೇಕು ಅಂತ ಬರೆದ ಕಾಗದ ಸಾಹುಕಾರನ ಡ್ರಾಯರ್‌ನಲ್ಲೇ ಇರಬಹುದು, ಆದರೆ ಡ್ರಾಯರ್‌ನಲ್ಲಿರುವ ಕಾಗದ ಕೂಗಿದರೆ ಎದ್ದು ಬರುತ್ತದೆಯೇ? ಮೊದಲು ಡ್ರಾಯರ್ ಎಳೆದು ಕಾಗದ ತೆಗೆಯಬೇಕು, ಆಮೇಲೆ ಅದರಲ್ಲಿರುವಂತೆ ಮಾಡಬೇಕು. ಮೊದಲ ಜೋಡಿ ಬ್ರಾಕೆಟ್ ಮಾಡುವುದು ಇಷ್ಟೇ, ಡ್ರಾಯರ್ ಎಳೆಯುವುದು.

ಜಾವಾಸ್ಕ್ರಿಪ್ಟ್‌ನಲ್ಲಿ ಹಾಜರಿ ಪುಸ್ತಕ, ಡ್ರಾಯರ್ ಎಂಬ ಭೇದವೇ ಇಲ್ಲ. ಅಲ್ಲಿ ಮೆಥಡ್ ಅಂದರೆ ಪ್ರಾಪರ್ಟಿಯಲ್ಲಿ ಕುಳಿತ ಫಂಕ್ಷನ್ ಮಾತ್ರ. ಅಲ್ಲಿಂದ ಬಂದವರಿಗೆ ಇಲ್ಲಿ ಕಾಲು ಎಡವುವುದು ಸಹಜ. ಪಿಎಚ್‌ಪಿಯಲ್ಲಿ ಕ್ಲಾಸ್‌ಗಳು ಮೊದಲು ಬಂದವು, ಹೆಸರಿಲ್ಲದ ಫಂಕ್ಷನ್ ಅಂದರೆ ಕ್ಲೋಷರ್ ಬಂದಿದ್ದು 2009ರಲ್ಲಿ, 5.3 ಆವೃತ್ತಿಯಲ್ಲಿ. ಅಷ್ಟರಲ್ಲಿ ಮೆಥಡ್‌ಗೂ ಪ್ರಾಪರ್ಟಿಗೂ ಒಂದೇ ಹೆಸರಿಟ್ಟ ಕೋಡ್ ಎಲ್ಲೆಲ್ಲೋ ಓಡುತ್ತಿತ್ತು. ಆಮೇಲೆ ನಿಯಮ ಬದಲಿಸಿದ್ದರೆ ಅಂಥ ಕೋಡ್ ಎಲ್ಲ ಗೊಂದಲಕ್ಕೆ ಬೀಳುತ್ತಿತ್ತು.

ಇನ್ನು 'ಆಗಲ್ಲ' ಅಂದ ನಿಮ್ಮ ಸೀನಿಯರ್. ಅವರು ಸುಳ್ಳು ಹೇಳಿಲ್ಲ, ಹಳೆಯ ನಿಜ ಹೇಳಿದ್ದಾರೆ. ಪಿಎಚ್‌ಪಿ 5ರಲ್ಲಿ ಆ ಬ್ರಾಕೆಟ್ ಬರಹವನ್ನು ಭಾಷೆ ಓದಲೇ ಆಗುತ್ತಿರಲಿಲ್ಲ. ಅದಕ್ಕೇ ಅಂಗಡಿಯ 5.6ರಲ್ಲಿ ಪಾರ್ಸ್ ಎರರ್. ಬದಲಾಗಿದ್ದು 2015ರ ಡಿಸೆಂಬರ್‌ನಲ್ಲಿ, ಪಿಎಚ್‌ಪಿ 7 ಬಂದಾಗ. ನಿಕಿತಾ ಪೊಪೊವ್ ಎಂಬ ಡೆವಲಪರ್ ಸೂಚಿಸಿದ 'ಯೂನಿಫಾರ್ಮ್ ವೇರಿಯಬಲ್ ಸಿಂಟ್ಯಾಕ್ಸ್' ಬದಲಾವಣೆಯಿಂದ, ಬ್ರಾಕೆಟ್‌ನೊಳಗಿನ ಯಾವುದೇ ಬೆಲೆಯನ್ನು ಹಾಗೇ ಕರೆಯಬಹುದು ಎಂದಾಯಿತು. 5.6ರಲ್ಲೇ ಓಡಬೇಕು ಅಂದರೆ ಎರಡು ಹೆಜ್ಜೆ ಹಾಕಿ:

$ಲೆಕ್ಕ = $ಚೀಟಿ->ಕಡಿತ;
$ಲೆಕ್ಕ(40);

ಇದು ಕ್ಲೋಷರ್ ಇರುವ ಎಲ್ಲ ಆವೃತ್ತಿಯಲ್ಲೂ ನಡೆಯುತ್ತದೆ. ನೋಡೋಕೆ ಚೆಂದ ಇಲ್ಲ, ಆದರೆ ಯಾರು ಓದಿದರೂ ಅರ್ಥವಾಗುತ್ತದೆ. ಹಾಗಂತ ಅಂಗಡಿಯಲ್ಲಿ 5.6 ಇಟ್ಟುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಭದ್ರತಾ ಅಪ್‌ಡೇಟ್ ನಿಂತಿದ್ದು 2018ರ ಕೊನೆಗೆ. ಹಣದ ಲೆಕ್ಕ ಇರುವ ಯಂತ್ರ, ಇಂಟರ್‌ನೆಟ್ ಬೇರೆ ಇರುತ್ತದೆ. ವರ್ತಕರಿಗೆ 'ಹೊಸ ಫೀಚರ್ ಬೇಕು' ಅಂತ ಹೇಳಬೇಡಿ, ಒಪ್ಪುವುದಿಲ್ಲ. 'ಬಾಗಿಲಿಗೆ ಚಿಲಕ ಇಲ್ಲ' ಅಂತ ಹೇಳಿ.

ಕಾಲ್ ಯೂಸರ್ ಫಂಕ್ ಅಂದರೆ ನಾವು ಕೊಟ್ಟ ಫಂಕ್ಷನ್ ಅನ್ನು ಕರೆದುಕೊಡುವ ಫಂಕ್ಷನ್. ಅದನ್ನು ತೆಗೆದುಹಾಕಿದ್ದಾರೆ ಅಂದ ಗೆಳೆಯನ ಮಾತು ತಪ್ಪು. ಅದನ್ನು ಯಾರೂ ತೆಗೆದಿಲ್ಲ. ತೆಗೆದಿದ್ದು ಕ್ರಿಯೇಟ್ ಫಂಕ್ಷನ್ ಎಂಬ ಬೇರೆಯದೇ ಫಂಕ್ಷನ್ ಅನ್ನು. ಅದು ಸ್ಟ್ರಿಂಗ್‌ನಲ್ಲಿ ಬರೆದ ಕೋಡನ್ನು ಓಡಿಸುತ್ತಿತ್ತು, ಅಪಾಯಕಾರಿ. 7.2ರಲ್ಲಿ ಬಳಸಬೇಡಿ ಅಂದರು, 8.0ರಲ್ಲಿ ಕಿತ್ತು ಹಾಕಿದರು. ಎರಡರ ಹೆಸರೂ ಅವರ ತಲೆಯಲ್ಲಿ ಕಲಸಿಹೋಗಿರಬೇಕು. ನಿಧಾನ ಅನ್ನುವ ಮಾತೂ ಹಳೆಯದು. ಚೀಟಿ ಪ್ರಿಂಟ್ ಆಗಲು ಪ್ರಿಂಟರ್ ತಗೊಳ್ಳುವ ಸಮಯದ ಮುಂದೆ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ನಿಜವಾದ ತೊಡಕು ಒಂದೇ: ರೆಫರೆನ್ಸ್ ಆಗಿ (ನಕಲಲ್ಲ, ಮೂಲವನ್ನೇ) ಕಳಿಸಬೇಕಾದ ವೇರಿಯಬಲ್ ಇದ್ದರೆ ಅದು ನಕಲನ್ನು ಕಳಿಸುತ್ತದೆ. ನಿಮಗೆ ರೆಫರೆನ್ಸ್ ಬೇಕಿಲ್ಲ, ಬ್ರಾಕೆಟ್ ಇದ್ದಮೇಲೆ ಕಾಲ್ ಯೂಸರ್ ಫಂಕ್ ಕೂಡ ಬೇಕಿಲ್ಲ.

ಮ್ಯಾಜಿಕ್ ಕಾಲ್ ಮೆಥಡ್ ಮಾತ್ರ ಹಾಕಬೇಡಿ. ಇದು ನನ್ನ ಚರ್ಮ ಸುಟ್ಟುಕೊಂಡು ಕಲಿತ ಪಾಠ.

ಕ್ಲಾಸ್‌ನಲ್ಲಿ ಇಲ್ಲದ ಮೆಥಡ್ ಕರೆದಾಗ ಪಿಎಚ್‌ಪಿ ಎರರ್ ಕೊಡುವ ಮುಂಚೆ ಆ ಮ್ಯಾಜಿಕ್ ಮೆಥಡ್ ಇದೆಯಾ ಅಂತ ನೋಡುತ್ತದೆ. ಇದ್ದರೆ ಕೆಲಸ ಅದಕ್ಕೆ ಒಪ್ಪಿಸುತ್ತದೆ. ಅದರೊಳಗೆ 'ಈ ಹೆಸರಿನ ಪ್ರಾಪರ್ಟಿಯಲ್ಲಿ ಫಂಕ್ಷನ್ ಇದ್ದರೆ ಓಡಿಸು' ಅಂತ ಬರೆದರೆ ನಿಮ್ಮ ಮೊದಲ ಸಾಲು ಬ್ರಾಕೆಟ್ ಇಲ್ಲದೆಯೇ ಓಡುತ್ತದೆ. ನೋಡೋಕೆ ಸೊಗಸು. 2013ರಲ್ಲಿ ಹರಿಹರ ರಸ್ತೆಯ ಒಂದು ಅಕ್ಕಿ ಗಿರಣಿಗೆ ನಾನು ಹೀಗೇ ಬರೆದೆ. 'ಇದ್ದರೆ ಓಡಿಸು' ಬರೆದವನು 'ಇಲ್ಲದಿದ್ದರೆ ಎರರ್ ಕೊಡು' ಬರೆಯಲು ಮರೆತೆ. ಎಷ್ಟೋ ದಿನದ ಮೇಲೆ ಒಂದು ಕಡೆ ಹಮಾಲಿ ಲೆಕ್ಕದ ಹೆಸರಿನಲ್ಲಿ ಒಂದಕ್ಷರ ತಪ್ಪು ಟೈಪ್ ಮಾಡಿದೆ. ಎರರ್ ಬರಲಿಲ್ಲ. ಅದು ಸುಮ್ನೆ ನಲ್, ಅಂದರೆ 'ಏನೂ ಇಲ್ಲ' ಅಂತ ಕೊಟ್ಟಿತು. ಪಿಎಚ್‌ಪಿಯಲ್ಲಿ ನಲ್ ಅನ್ನು ಕೂಡಿದರೆ ಸೊನ್ನೆ ಕೂಡಿದ ಹಾಗೆ, ತಕರಾರೇ ಇಲ್ಲ. ಮೊತ್ತ ನೀಟಾಗಿ ಬಂತು. ತಿಂಗಳ ಕೊನೆಗೆ ಹಮಾಲರು ಬಾಗಿಲಲ್ಲಿ ನಿಂತು 'ನಮ್ಮ ದುಡ್ಡೆಲ್ಲಿ' ಅಂದಾಗಲೇ ಗೊತ್ತಾಗಿದ್ದು. ರಾತ್ರಿಯೆಲ್ಲಾ ಕುಳಿತು ಹಳೆ ಚೀಟಿಗಳನ್ನು ಕೈಯಲ್ಲಿ ಕೂಡಿಸಿದೆ.

ಎರರ್ ಕೊಡುವ ಸಾಲು ಬರೆದರೂ ಮ್ಯಾಜಿಕ್‌ನ ತೊಂದರೆ ಪೂರ್ತಿ ಹೋಗುವುದಿಲ್ಲ. ಎಡಿಟರ್‌ಗೆ ಆ ಹೆಸರು ಗೊತ್ತಿರುವುದಿಲ್ಲ, ತಪ್ಪು ತೋರಿಸುವುದಿಲ್ಲ. ನಾಳೆ ಯಾರೋ ಅದೇ ಹೆಸರಿನ ನಿಜವಾದ ಮೆಥಡ್ ಬರೆದರೆ ನಿಮ್ಮ ಪ್ರಾಪರ್ಟಿ ಸದ್ದಿಲ್ಲದೆ ಮೂಲೆ ಸೇರುತ್ತದೆ. ಎರಡು ಬ್ರಾಕೆಟ್ ಉಳಿಸಲು ಇಷ್ಟೆಲ್ಲಾ ಯಾಕೆ?

ಪಕ್ಕದಲ್ಲೇ ಎರಡು ಸಣ್ಣ ಗುಂಡಿಗಳಿವೆ, ಹೇಳಿಬಿಡುತ್ತೇನೆ. ಸ್ಟ್ಯಾಟಿಕ್ ಪ್ರಾಪರ್ಟಿಯಲ್ಲಿ (ಒಂದು ಚೀಟಿಗಲ್ಲ, ಇಡೀ ಕ್ಲಾಸ್‌ಗೆ ಸೇರಿದ್ದು) ಫಂಕ್ಷನ್ ಇಟ್ಟರೆ ಹೀಗೆ ಬರೆಯಬೇಡಿ:

ಚೀಟಿ::$ಕಡಿತ(40);

ಇದರ ಅರ್ಥ ಬೇರೆಯೇ ಆಗಿಬಿಡುತ್ತದೆ. ಪಿಎಚ್‌ಪಿ ಪಕ್ಕದಲ್ಲಿ ಡಾಲರ್ ಕಡಿತ ಎಂಬ ಮಾಮೂಲಿ ವೇರಿಯಬಲ್ ಹುಡುಕಿ, ಅದರಲ್ಲಿರುವ ಹೆಸರಿನ ಸ್ಟ್ಯಾಟಿಕ್ ಮೆಥಡ್ ಕರೆಯಲು ಹೋಗುತ್ತದೆ. ಇಲ್ಲೂ ಬ್ರಾಕೆಟ್ ಬೇಕು:

(ಚೀಟಿ::$ಕಡಿತ)(40);

ಆದರೆ ಪ್ರಾಪರ್ಟಿ ಒಂದು ಅರೇ (ಪಟ್ಟಿ) ಆಗಿದ್ದು, ಫಂಕ್ಷನ್ ಅದರೊಳಗಿದ್ದರೆ ಬ್ರಾಕೆಟ್ ಬೇಡ:

$ಚೀಟಿ->ಕಡಿತಗಳು['ಶೇಂಗಾ'](40);

ಚೌಕ ಬ್ರಾಕೆಟ್ ಬಂದ ತಕ್ಷಣ 'ಓ, ಇದು ಪ್ರಾಪರ್ಟಿ' ಅಂತ ಪಿಎಚ್‌ಪಿಗೆ ಗೊತ್ತಾಗುತ್ತದೆ. ಎರಡನೆಯದು, ಪ್ರಾಪರ್ಟಿಯನ್ನು ಕ್ಲಾಸ್‌ನಲ್ಲಿ ಮೊದಲೇ ಘೋಷಿಸಿ. ಹೊರಗಿನಿಂದ ಹಾಗೇ ಹೊಸ ಪ್ರಾಪರ್ಟಿ ಸೃಷ್ಟಿಸುವುದನ್ನು 8.2ರಿಂದ ಬಳಸಬೇಡಿ ಅಂತ ಎಚ್ಚರಿಸುತ್ತದೆ. ಘೋಷಿಸುವಾಗ ಟೈಪ್ ಕೊಡಲು ಹೋಗಿ 'ಕಾಲಬಲ್' ಅಂತ ಬರೆದರೆ ಒಪ್ಪುವುದಿಲ್ಲ, 'ಕ್ಲೋಷರ್' ಅಂತ ಬರೆಯಿರಿ. ಟೈಪ್ ಕೊಟ್ಟರೆ ಖಾಲಿ ಪ್ರಾಪರ್ಟಿಯನ್ನು ಕರೆಯುವ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಡೇಟಾಬೇಸ್‌ನಲ್ಲಿ ಫಂಕ್ಷನ್ ಹೆಸರು ಇಡುವ ಯೋಚನೆ ಬಿಡಿ. ಬ್ರಾಕೆಟ್ ಹಾಕಿ ಕರೆದಾಗ ಪ್ರಾಪರ್ಟಿಯಲ್ಲಿ ಕ್ಲೋಷರ್ ಬದಲು ಸ್ಟ್ರಿಂಗ್ ಇದ್ದರೂ ಪಿಎಚ್‌ಪಿ ಆ ಹೆಸರಿನ ಫಂಕ್ಷನ್ ಹುಡುಕಿ ಓಡಿಸುತ್ತದೆ. ಅದೇ ಅಪಾಯ. ಇಂದು ಆ ಕಾಲಂನಲ್ಲಿ 'ಶೇಂಗಾ ಕಡಿತ' ಇರುತ್ತದೆ. ನಾಳೆ ಬೆಳೆ ಸೇರಿಸುವ ಫಾರ್ಮ್‌ನಲ್ಲಿ ಯಾರಾದರೂ 'ಸಿಸ್ಟಮ್' ಅಂತ ತುಂಬಿದರೆ? ಅದು ಪಿಎಚ್‌ಪಿಯದೇ ಫಂಕ್ಷನ್, ಕಂಪ್ಯೂಟರ್‌ಗೆ ನೇರ ಆಜ್ಞೆ ಕೊಡುವಂಥದ್ದು. ಮೇಲೆ ತೋರಿಸಿದ ಅರೇ ದಾರಿಯೇ ಒಳ್ಳೆಯದು. ಡೇಟಾಬೇಸ್‌ನಿಂದ ಬೆಳೆಯ ಹೆಸರು ಮಾತ್ರ ಬರಲಿ. ಯಾವ ಬೆಳೆಗೆ ಯಾವ ಫಂಕ್ಷನ್ ಅನ್ನುವ ಜೋಡಿ ನಿಮ್ಮ ಕೋಡ್‌ನಲ್ಲಿ ಇರಲಿ. ಜೋಡಿಯಲ್ಲಿ ಇಲ್ಲದ ಹೆಸರು ಬಂದರೆ ಜೋರಾಗಿ ಎರರ್ ಕೊಡಲಿ. ದರ, ಶೇಕಡಾ, ಮಿತಿ ಇಂಥ ಅಂಕಿಗಳನ್ನು ಬೇಕಾದರೆ ಡೇಟಾಬೇಸ್‌ನಲ್ಲಿ ಇಡಿ. ಅವು ಬದಲಾಗುತ್ತಿರುತ್ತವೆ, ಅವುಗಳಿಂದ ಯಾರೂ ಕಂಪ್ಯೂಟರ್ ಒಡೆಯಲಾಗದು.

ಈಗ ಕ್ಲೋನ್.

ನೀವು ಕನ್‌ಸ್ಟ್ರಕ್ಟರ್ ಒಳಗೆ ಬರೆದ ಆ ಫಂಕ್ಷನ್ ತೇವವನ್ನು ಎಲ್ಲಿಂದ ತಗೊಳ್ಳುತ್ತದೆ? ತೂಕವನ್ನು ಕರೆಯುವಾಗ ಕೊಡುತ್ತೀರಿ. ತೇವವನ್ನು 'ದಿಸ್' ಮೂಲಕ, ಅಂದರೆ ಚೀಟಿಯಿಂದಲೇ ಓದುತ್ತಿದ್ದೀರಿ ಅಂತ ನನ್ನ ಊಹೆ. ಪಿಎಚ್‌ಪಿ 5.4ರಿಂದ, ಕ್ಲಾಸ್ ಒಳಗೆ ಹುಟ್ಟಿದ ಕ್ಲೋಷರ್ ತಾನು ಹುಟ್ಟಿದ ಕ್ಷಣದ 'ದಿಸ್' ಅನ್ನು ಕೈಯಲ್ಲಿ ಹಿಡಿದುಕೊಂಡೇ ಹುಟ್ಟುತ್ತದೆ. ಯಾವ ಚೀಟಿಯ ಕನ್‌ಸ್ಟ್ರಕ್ಟರ್‌ನಲ್ಲಿ ಹುಟ್ಟಿತೋ ಆ ಚೀಟಿ. ಆಮೇಲೆ ಅದನ್ನು ಎಲ್ಲಿ ಇಟ್ಟರೂ, ಯಾರು ಕರೆದರೂ ಆ ಕೈ ಬಿಡುವುದಿಲ್ಲ.

ಕ್ಲೋನ್ ಮಾಡಿದಾಗ ಏನಾಗುತ್ತದೆ? ಪ್ರಾಪರ್ಟಿಗಳು ಹಾಗೇ ನಕಲಾಗುತ್ತವೆ. ಕನ್‌ಸ್ಟ್ರಕ್ಟರ್ ಮತ್ತೆ ಓಡುವುದಿಲ್ಲ. ಹಾಗಾಗಿ ಹೊಸ ಚೀಟಿಯ 'ಕಡಿತ'ದಲ್ಲಿ ಕುಳಿತಿರುವುದು ಹಳೆ ಚೀಟಿಯ ಕೈ ಹಿಡಿದಿರುವ ಅದೇ ಕ್ಲೋಷರ್. ಚೀಟಿಯ ಹಿಂದೆ ರೈತರ ಫೋನ್ ನಂಬರ್ ಬರೆದಿದೆ ಅಂದುಕೊಳ್ಳಿ. ಅದನ್ನು ಎರಡೂ ಬದಿ ಜೆರಾಕ್ಸ್ ಮಾಡಿಸಿ, ಮುಂದಿನ ಹೆಸರು ಮಾತ್ರ ಬದಲಿಸಿದಿರಿ. ಹಿಂದಿನ ನಂಬರ್‌ಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಹಳೆಯ ರೈತರೇ ಎತ್ತುತ್ತಾರೆ. 'ನಿಮ್ಮ ಕಾಳಿನ ತೇವ ಎಷ್ಟು' ಅಂದರೆ ಅವರು ತಮ್ಮದನ್ನೇ ಹೇಳುತ್ತಾರೆ, ಪಾಪ.

ಅಂಕಿ ಹಾಕಿ ನೋಡೋಣ. ತೇವ 14 ದಾಟಿದರೆ ಪ್ರತಿ ಒಂದು ಶೇಕಡಾಕ್ಕೆ ಕ್ವಿಂಟಲ್‌ಗೆ ಒಂದು ಕಿಲೋ ಕಡಿತ ಅನ್ನುವ ನಿಯಮ ಇದೆ ಅಂದುಕೊಳ್ಳಿ. ಬೆಳಗ್ಗೆ ಬಂದ ರೈತರ ಮೆಕ್ಕೆಜೋಳದ ತೇವ 18. ಕಡಿತ ಕ್ವಿಂಟಲ್‌ಗೆ 4 ಕಿಲೋ, ಸರಿಯಾಗಿದೆ. ಆಮೇಲೆ ಜಗಳೂರು ಕಡೆಯಿಂದ ಇನ್ನೊಬ್ಬರು ಒಣಗಿಸಿದ ಕಾಳು ತಂದರು, ತೇವ 13, 40 ಕ್ವಿಂಟಲ್. ಗುಮಾಸ್ತ 'ಹಿಂದಿನ ಚೀಟಿಯಂತೆ' ಒತ್ತಿ, ತೇವದ ಜಾಗದಲ್ಲಿ 13 ಅಂತ ತಿದ್ದಿದ. ಚೀಟಿಯಲ್ಲಿ 13 ಅಂತಲೇ ಪ್ರಿಂಟ್ ಆಗುತ್ತದೆ. ಕಡಿತ ಮಾತ್ರ 18ರ ಲೆಕ್ಕದಲ್ಲಿ, 160 ಕಿಲೋ. ಕ್ವಿಂಟಲ್‌ಗೆ 2,000 ರೂಪಾಯಿ ದರ ಹಿಡಿದರೂ 3,200 ರೂಪಾಯಿ ಹೋಯಿತು. ಅಂಗಳದಲ್ಲಿ ಕಾಳು ಹರಡಿ ದಿನಗಟ್ಟಲೆ ಕಾದವರ ದುಡ್ಡು ಅದು.

ಕೆಲವೊಮ್ಮೆ ಮಾತ್ರ ಯಾಕೆ ತಪ್ಪುತ್ತದೆ ಅನ್ನುವುದೂ ಈಗ ಗೊತ್ತಾಯಿತು, ಅಲ್ವಾ? 'ಹೊಸ ಚೀಟಿ' ಒತ್ತಿದರೆ ಕನ್‌ಸ್ಟ್ರಕ್ಟರ್ ಓಡುತ್ತದೆ, ಹೊಸ ಕ್ಲೋಷರ್ ಹುಟ್ಟುತ್ತದೆ, ಲೆಕ್ಕ ಸರಿ. ಕ್ಲೋನ್ ಮಾಡಿದರೂ ಇಬ್ಬರ ತೇವ ಒಂದೇ ಇದ್ದರೆ ಲೆಕ್ಕ ಸರಿ ಕಾಣುತ್ತದೆ. ತೇವ ಬೇರೆ ಇದ್ದಾಗ ಮಾತ್ರ ತಪ್ಪು ಬಯಲಾಗುತ್ತದೆ. ಇನ್ನೊಂದು ಮಜಾ ನೋಡಿ. ಕ್ಲೋನ್‌ನಿಂದ ಮತ್ತೊಂದು ಕ್ಲೋನ್ ಮಾಡಿದರೂ ಕ್ಲೋಷರ್ ಹಿಡಿದಿರುವುದು ಮೊಟ್ಟಮೊದಲ ಚೀಟಿಯನ್ನೇ.

ನನ್ನ ಊಹೆ ಸರಿಯೇ ಅಂತ ನೀವೇ ಐದು ನಿಮಿಷದಲ್ಲಿ ನೋಡಬಹುದು. ಎಸ್‌ಪಿಎಲ್ ಆಬ್ಜೆಕ್ಟ್ ಐಡಿ ಎಂಬ ಫಂಕ್ಷನ್ ಇದೆ, 7.2ರಿಂದ. ಅದು ಒಂದೊಂದು ಆಬ್ಜೆಕ್ಟ್‌ಗೂ ಒಂದು ಅಂಕಿ ಕೊಡುತ್ತದೆ. ಕ್ಲೋಷರ್ ಒಳಗೆ 'ದಿಸ್'ನ ಅಂಕಿ ಪ್ರಿಂಟ್ ಮಾಡಿ, ಹೊರಗೆ ಕ್ಲೋನ್ ಚೀಟಿಯ ಅಂಕಿ ಪ್ರಿಂಟ್ ಮಾಡಿ. ಎರಡೂ ಬೇರೆ ಬಂದರೆ ಕಳ್ಳ ಸಿಕ್ಕಿದ.

ಜಾವಾಸ್ಕ್ರಿಪ್ಟ್‌ನಲ್ಲಿ ಇದು ನಿಮಗೆ ಕಾಣಿಸದಿರಲು ಕಾರಣ ಇದೆ. ಅಲ್ಲಿ ಮಾಮೂಲಿ ಫಂಕ್ಷನ್‌ಗೆ 'ದಿಸ್' ಯಾರು ಅನ್ನುವುದು ಕರೆಯುವ ಹೊತ್ತಿಗೆ, ಚುಕ್ಕಿಯ ಎಡಕ್ಕೆ ಯಾರಿದ್ದಾರೆ ಅಂತ ನೋಡಿ ನಿರ್ಧಾರವಾಗುತ್ತದೆ. ಪಿಎಚ್‌ಪಿಯ ಬಾಣಕ್ಕೆ ಇಲ್ಲಿ ಆ ಕೆಲಸ ಇಲ್ಲ. ಬ್ರಾಕೆಟ್ ಹಾಕಿದಾಗ ಬಾಣ ಡ್ರಾಯರ್ ಎಳೆದು ಕೊಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಡ್ರಾಯರ್ ಯಾರದು ಅಂತ ಕಾಗದಕ್ಕೆ ಗೊತ್ತಿಲ್ಲ.

ಸರಿಪಡಿಸಲು ಮೂರು ದಾರಿ ಹೇಳುತ್ತೇನೆ, ಮೂರನೆಯದು ನನ್ನ ಆಯ್ಕೆ.

ಮ್ಯಾಜಿಕ್ ಕ್ಲೋನ್ ಮೆಥಡ್ (ಕ್ಲೋನ್ ಆದಾಗ ತಾನಾಗೇ ಓಡುವಂಥದ್ದು) ಬರೆದು, ಅದರೊಳಗೆ ಕ್ಲೋಷರ್‌ನ 'ಬೈಂಡ್ ಟು' ಬಳಸಿ ಹೊಸ 'ದಿಸ್' ಕಟ್ಟಿಕೊಡಬಹುದು. 5.4ರಿಂದಲೇ ಇದೆ, ಹಾಗಾಗಿ ಅಂಗಡಿಯ ಯಂತ್ರದಲ್ಲೂ ಓಡುತ್ತದೆ. 'ಬೈಂಡ್ ಟು' ಹಳೆಯದನ್ನು ತಿದ್ದುವುದಿಲ್ಲ, ಹೊಸ ಕ್ಲೋಷರ್ ಕೊಡುತ್ತದೆ. ಅದನ್ನು ಮತ್ತೆ ಪ್ರಾಪರ್ಟಿಯಲ್ಲಿ ಇಡುವುದನ್ನು ಮರೆಯಬೇಡಿ, ತುಂಬಾ ಜನ ಮರೆಯುತ್ತಾರೆ. ಇನ್ನೊಂದು ಪ್ರಾಪರ್ಟಿಯಲ್ಲಿ ಇನ್ನೊಂದು ಕ್ಲೋಷರ್ ಸೇರಿಸಿದ ದಿನ ಇಲ್ಲೂ ಒಂದು ಸಾಲು ಸೇರಿಸಬೇಕು. ಆರು ತಿಂಗಳ ಮೇಲೆ ಅದು ನೆನಪಿರುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಎರಡನೆಯದು, ಕರೆಯುವಾಗಲೇ 'ದಿಸ್' ಯಾರು ಅಂತ ಹೇಳುವುದು. ಕ್ಲೋಷರ್‌ಗೆ 'ಕಾಲ್' ಎಂಬ ಮೆಥಡ್ ಇದೆ, 7.0ರಿಂದ. ಮೊದಲು ಚೀಟಿ, ಆಮೇಲೆ ತೂಕ ಕೊಟ್ಟರೆ ಆ ಒಂದು ಕರೆಗೆ ಮಾತ್ರ ಆ ಚೀಟಿಯ ಕೈ ಹಿಡಿಯುತ್ತದೆ. ಕೆಲಸ ಆಗುತ್ತದೆ. ಆದರೆ ಒಂದು ಕಡೆ ಮರೆತು ಮಾಮೂಲಿ ಬ್ರಾಕೆಟ್‌ನಲ್ಲಿ ಕರೆದರೆ ಮತ್ತೆ ಹಳೆ ರೈತರಿಗೇ ಫೋನ್.

ಮೂರನೆಯದು, ಕ್ಲೋಷರ್ ಯಾರ ಕೈಯನ್ನೂ ಹಿಡಿಯದಂತೆ ಮಾಡುವುದು. ಫಂಕ್ಷನ್ ಬರೆಯುವಾಗ ಮುಂದೆ 'ಸ್ಟ್ಯಾಟಿಕ್' ಅಂತ ಸೇರಿಸಿ. ಆಗ ಅದಕ್ಕೆ 'ದಿಸ್' ಇರುವುದೇ ಇಲ್ಲ, ಒಳಗೆ ಬಳಸಲು ಹೋದರೆ ಎರರ್ ಬರುತ್ತದೆ. ಲೆಕ್ಕಕ್ಕೆ ಏನೇನು ಬೇಕೋ ಎಲ್ಲವನ್ನೂ ಕರೆಯುವಾಗಲೇ ಕೊಡಿ:

($ಚೀಟಿ->ಕಡಿತ)($ಚೀಟಿ->ತೂಕ, $ಚೀಟಿ->ತೇವ);

ಬರೆಯೋಕೆ ಸ್ವಲ್ಪ ಉದ್ದ. ಆದರೆ ಯಾರ ತೇವ, ಯಾರ ತೂಕ ಅನ್ನುವುದು ಆ ಸಾಲಿನಲ್ಲೇ ಕಾಣುತ್ತದೆ. ನೂರು ಸಲ ಕ್ಲೋನ್ ಮಾಡಿದರೂ ಕೆಡುವುದಿಲ್ಲ. ಪರೀಕ್ಷೆ ಮಾಡುವುದೂ ಸುಲಭ, ಚೀಟಿಯೇ ಬೇಡ, ಎರಡು ಅಂಕಿ ಕೊಟ್ಟು ಉತ್ತರ ನೋಡಿದರೆ ಆಯಿತು. ಇದರ ಜೊತೆ ಇನ್ನೊಂದು ಲಾಭ ಪುಕ್ಕಟೆ. ಈಗ ನಿಮ್ಮ ಚೀಟಿ ಕ್ಲೋಷರನ್ನು ಹಿಡಿದಿದೆ, ಕ್ಲೋಷರ್ ಚೀಟಿಯನ್ನು ಹಿಡಿದಿದೆ. ಇಬ್ಬರೂ ಬಿಡದ ಕಾರಣ ಕೆಲಸ ಮುಗಿದರೂ ಮೆಮೊರಿ ತಕ್ಷಣ ಖಾಲಿಯಾಗುವುದಿಲ್ಲ, ಕಸ ಗುಡಿಸುವ ವ್ಯವಸ್ಥೆ ಬರುವವರೆಗೆ ಕಾಯಬೇಕು. ವೆಬ್ ಪುಟದಲ್ಲಿ ಇದು ಗೊತ್ತೇ ಆಗುವುದಿಲ್ಲ. ದಿನವಿಡೀ ಓಡುವ ಸ್ಕ್ರಿಪ್ಟ್ ಬರೆದ ದಿನ ಗೊತ್ತಾಗುತ್ತದೆ.

8.1ರಲ್ಲಿ ಬಂದ ಮೂರು ಚುಕ್ಕಿಯ ಬರಹ ನೋಡಿರಬಹುದು:

$ಲೆಕ್ಕ = $ಚೀಟಿ->ಒಟ್ಟು(...);

ಇದ್ದ ಮೆಥಡನ್ನೇ ಕ್ಲೋಷರ್ ಆಗಿ ಕೈಗೆ ಕೊಡುತ್ತದೆ. ತುಂಬಾ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಇದೂ ಆ ಚೀಟಿಯ ಕೈ ಹಿಡಿದ ಕ್ಲೋಷರೇ. ಪ್ರಾಪರ್ಟಿಯಲ್ಲಿಟ್ಟು ಕ್ಲೋನ್ ಮಾಡಿದರೆ ಅದೇ ಕಥೆ.

ಪ್ರಶ್ನೆಯಲ್ಲಿ ಇಲ್ಲದಿದ್ದರೂ ಒಂದು ಮಾತು. ಅರ್ಧ ತುಂಬಿದ ಚೀಟಿಯನ್ನು ಸೆಷನ್‌ನಲ್ಲಿ (ಬಳಕೆದಾರನ ತಾತ್ಕಾಲಿಕ ಸಂಗ್ರಹದಲ್ಲಿ) ಇಡುವ ಯೋಚನೆ ಬಂದರೆ, ಕ್ಲೋಷರ್ ಇರುವ ಆಬ್ಜೆಕ್ಟ್ ಸೆಷನ್‌ಗೆ ಹೋಗುವುದಿಲ್ಲ. ಕ್ಲೋಷರನ್ನು ಸೀರಿಯಲೈಸ್ ಮಾಡಲು (ಉಳಿಸಿಡುವ ಬರಹವಾಗಿ ಬದಲಿಸಲು) ಪಿಎಚ್‌ಪಿ ಬಿಡುವುದಿಲ್ಲ, ಎಕ್ಸೆಪ್ಷನ್ ಬರುತ್ತದೆ. ಸ್ಟ್ಯಾಟಿಕ್ ಮಾಡಿದರೂ ಅಷ್ಟೇ.

ಇದನ್ನೆಲ್ಲಾ ನೋಡಿದರೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಕಡಿತದ ಫಂಕ್ಷನ್ ಅನ್ನು ಚೀಟಿಯೊಳಗೆ ಇಡುತ್ತಲೇ ಇರಲಿಲ್ಲ. ಕಡಿತ ಬೆಳೆಗೆ ಸೇರಿದ್ದು, ಚೀಟಿಗಲ್ಲ. ಪ್ರತಿ ರೈತರ ಚೀಟಿಯ ಜೊತೆ ನಿಯಮದ ಕಾಗದವನ್ನೂ ಪಿನ್ ಮಾಡಿ ಕೊಡುವ ಮಂಡಿ ಎಲ್ಲಾದರೂ ಇದೆಯಾ? ನಿಯಮ ಗೋಡೆ ಮೇಲೆ ಇರುತ್ತದೆ. ಹಾಗೆಯೇ ಬೆಳೆಗೊಂದು ಸಣ್ಣ ಕ್ಲಾಸ್ ಮಾಡಿ, ಮೂರಕ್ಕೂ ಒಂದೇ ಇಂಟರ್‌ಫೇಸ್, ಅಂದರೆ ಯಾವ ಮೆಥಡ್ ಇರಲೇಬೇಕು ಅನ್ನುವ ಒಪ್ಪಂದ, ಅದರಲ್ಲಿ ತೂಕ ಮತ್ತು ತೇವ ತಗೊಳ್ಳುವ 'ಕಡಿತ' ಎಂಬ ನಿಜವಾದ ಮೆಥಡ್. ಚೀಟಿ ಬೆಳೆಯ ಹೆಸರನ್ನು ಮಾತ್ರ ಇಟ್ಟುಕೊಳ್ಳಲಿ. ಆಗ ಬ್ರಾಕೆಟ್‌ನ ಪ್ರಶ್ನೆಯೂ ಇಲ್ಲ, ಕ್ಲೋನ್‌ನ ಭಯವೂ ಇಲ್ಲ, ಸೆಷನ್‌ಗೂ ಸಲೀಸಾಗಿ ಹೋಗುತ್ತದೆ. ಎಡಿಟರ್ ಕೂಡ ತಪ್ಪು ಹೆಸರನ್ನು ಕೆಂಪು ಗೆರೆ ಹಾಕಿ ತೋರಿಸುತ್ತದೆ. ಮೂರೇ ಬೆಳೆಗೆ ಮೂರು ಕ್ಲಾಸ್ ಜಾಸ್ತಿ ಅನ್ನಿಸಿದರೆ, ಸ್ಟ್ಯಾಟಿಕ್ ಕ್ಲೋಷರ್‌ಗಳ ಆ ಒಂದು ಅರೇ ಸಾಕು. ಬೆಳೆಗಳು ಜಾಸ್ತಿಯಾಗುತ್ತವೆ ಅಂತ ನೀವೇ ಬರೆದಿದ್ದೀರಿ, ಅದಕ್ಕೆ ಕ್ಲಾಸ್ ಅಂದೆ.

ಕೋಡ್ ತಿದ್ದುವುದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ, ಅದು ಸ್ವಲ್ಪ ಮುಜುಗರದ್ದು. ಪ್ರೋಗ್ರಾಂ ಈಗಾಗಲೇ ಅಂಗಡಿಯಲ್ಲಿ ಓಡುತ್ತಿದ್ದರೆ ಇಂದೇ 'ಹಿಂದಿನ ಚೀಟಿಯಂತೆ' ಬಟನ್ ತೆಗೆದುಬಿಡಿ. ಪ್ರತಿ ಚೀಟಿಯ ತೂಕ, ತೇವ, ಕಡಿತ ಡೇಟಾಬೇಸ್‌ನಲ್ಲಿ ಇದ್ದೇ ಇರುತ್ತವೆ. ಎಲ್ಲ ಹಳೆ ಚೀಟಿಗಳ ಮೇಲೆ ಸರಿಯಾದ ಲೆಕ್ಕವನ್ನು ಮತ್ತೊಮ್ಮೆ ಓಡಿಸಿ, ಉಳಿಸಿದ ಕಡಿತಕ್ಕೂ ಇದಕ್ಕೂ ತಾಳೆ ಆಗದವನ್ನು ಬೇರೆ ಮಾಡಿ. ಕೆಲವರಿಗೆ ಕಡಿಮೆ ದುಡ್ಡು ಹೋಗಿರುತ್ತದೆ. ಒಣ ಕಾಳಿನ ಚೀಟಿಯಿಂದ ಕ್ಲೋನ್ ಆದ ಹಸಿ ಕಾಳಿನವರಿಗೆ ಜಾಸ್ತಿಯೂ ಹೋಗಿರುತ್ತದೆ. ಎರಡನ್ನೂ ಹೆಸರು, ದಿನಾಂಕ, ವ್ಯತ್ಯಾಸದ ಸಮೇತ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಂಡು ವರ್ತಕರ ಹತ್ತಿರ ಹೋಗಿ. ಬೈಗುಳ ಇರುತ್ತದೆ, ನಾನೂ ತಿಂದಿದ್ದೇನೆ. ಆದರೆ ಹಾಳೆ ನೀವೇ ತಂದರೆ ಒಂದು ತರ, ಜಗಳೂರಿನ ರೈತರು ಚೀಟಿ ಹಿಡಿದು ಅಂಗಡಿಗೆ ಬಂದರೆ ಇನ್ನೊಂದು ತರ.